"ನಿಂಗೆ ಮಕ್ಕಳಾಗಲ್ಲ ಅಲ್ವಾ?" ಅಂತ ಕೇಳುವವರಿಗೆ

ನಾನು ಟ್ರಾನ್ಸ್ ಪುರುಷ. ಹುಟ್ಟಿದಾಗ ಹೆಣ್ಣುಮಗು ಅಂದರು, ಈಗ ಗಡ್ಡ ಬಂದಿದೆ. ನೆಂಟರು, ಆಫೀಸಿನವರು, ಮನೆ ಓನರ್ ಎಲ್ಲರದ್ದೂ ಒಂದೇ ಪ್ರಶ್ನೆ: "ಇನ್ನು ನಿಂಗೆ ಮಕ್ಕಳಾಗಲ್ಲ ಅಲ್ವಾ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಆಗಬಹುದು. ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡರೆ ಸಾಮಾನ್ಯವಾಗಿ ಮುಟ್ಟು ನಿಲ್ಲುತ್ತದೆ. ಅಂಡಾಶಯ ಎಲ್ಲಿಗೂ ಹೋಗುವುದಿಲ್ಲ. ಇಂಜೆಕ್ಷನ್ ನಿಲ್ಲಿಸಿ ಬಸಿರಾದವರಿದ್ದಾರೆ. ಕೇರಳದ ಟ್ರಾನ್ಸ್ ಪುರುಷ ಜಹಾದ್ 2023ರ ಫೆಬ್ರವರಿಯಲ್ಲಿ ಕೋಳಿಕ್ಕೋಡ್ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಮಗು ಹೆತ್ತರು. ಅವರ ಸಂಗಾತಿ ಜಿಯಾ ಟ್ರಾನ್ಸ್ ಮಹಿಳೆ. ಜನನ ಪತ್ರದಲ್ಲಿ ಅಪ್ಪ, ಅಮ್ಮ ಅಂತ ಬೇಡ, ಇಬ್ಬರನ್ನೂ ಪೋಷಕರು ಅಂತಲೇ ಬರೆಯಿರಿ ಎಂದು ಕೋರ್ಟಿಗೆ ಹೋದರು. 2025ರಲ್ಲಿ ಕೇರಳ ಹೈಕೋರ್ಟ್ ಒಪ್ಪಿತು. ಅಂದಹಾಗೆ, ಮುಟ್ಟು ನಿಂತಿದೆ, ಇನ್ನೇನೂ ಆಗಲ್ಲ ಅಂತ ನಂಬಿ ಕೂರಬೇಡಿ. ಟೆಸ್ಟೋಸ್ಟೆರಾನ್ ಗರ್ಭನಿರೋಧಕ ಅಲ್ಲ.

ನನಗೆ ಬಸಿರಾಗುವ ಮನಸ್ಸಿಲ್ಲ, ಮಗುವಿನ ಆಸೆ ಇದೆ. ಅದಕ್ಕೇ ಇಂಜೆಕ್ಷನ್ ಶುರು ಮಾಡುವ ಮೊದಲು ಅಂಡಾಣು ಫ್ರೀಜ್ ಮಾಡಿಸಿದೆ. ಒಂದು ನಾಮಕರಣದ ಊಟದಲ್ಲಿ ಇದನ್ನು ಹೇಳಿದಾಗ ಸೋದರತ್ತೆ ಎದುರು ಸಾಲಿನಿಂದಲೇ ಕೇಳಿದರು: "ಅಲ್ಲ ಮಗಾ, ಮಕ್ಕಳು ಬೇಕು ಅಂದ್ರೆ ಹೆಣ್ಣಾಗೇ ಇರಬಹುದಿತ್ತಲ್ಲ?"

"ಗಂಡಸರಿಗೆ ಮಕ್ಕಳು ಬೇಡ್ವಾ ಅತ್ತೆ? ಮಾವನ್ನ ಕೇಳಿ ನೋಡಿ."

ಮಾವ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದವರು ತಲೆ ಎತ್ತಲಿಲ್ಲ. ಪಂಕ್ತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಗಂಡಾಗಿ ಬದುಕುವುದು, ಮಗು ಸಾಕುವುದು, ಎರಡರಲ್ಲಿ ಒಂದನ್ನು ಬಿಡು ಅಂತ ನನಗೆ ಮಾತ್ರ ಯಾಕೆ ಹೇಳುತ್ತೀರಿ?

"ಆಸ್ಪತ್ರೆಗೆ ನಿನ್ನ ಜೊತೆ ಯಾರು ಬಂದಿದ್ರು?" ಅಂತ ಕೇಳಿದ್ದರೆ ಖುಷಿಯಿಂದ ಹೇಳುತ್ತಿದ್ದೆ. ಅಂಡಾಣು ಬೆಳೆಯಲು ಹತ್ತು ಹನ್ನೆರಡು ದಿನ ಹೊಟ್ಟೆಗೆ ಬೇರೆ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕು. ನಡುನಡುವೆ ಸ್ಕ್ಯಾನಿಂಗ್. ಹೊರಗೆ ಬೆಂಚಿನ ತುಂಬ ಗಂಡ ಹೆಂಡತಿಯರು. ನರ್ಸ್ ನನ್ನ ಹಳೇ ಹೆಸರು ಕೂಗಿದಾಗ ಎಲ್ಲರೂ ನೋಡುತ್ತಿರುವಂತೆ ಎದ್ದು ಹೋಗಬೇಕು. ಸ್ಕ್ಯಾನಿಂಗನ್ನು ಯೋನಿಯೊಳಗಿಂದಲ್ಲದೆ ಹೊಟ್ಟೆ ಮೇಲಿಂದಲೂ ಮಾಡಬಹುದು ಅಂತ ನನಗೆ ತಿಳಿಸಿದ್ದು ನನ್ನಂಥದೇ ಇನ್ನೊಬ್ಬ ಹುಡುಗ. ಈ ಇಂಜೆಕ್ಷನ್‌ಗೆ ಹೆಣ್ಣು ಹಾರ್ಮೋನ್ ಈಸ್ಟ್ರೋಜೆನ್ ಏರುತ್ತದೆ. ಅದನ್ನು ತಗ್ಗಿಸಲು ಲೆಟ್ರೊಜೋಲ್ ಮಾತ್ರೆ ಇದೆ. ಇದೂ ಅವನೇ ಹೇಳಿದ್ದು. ಅಂಡಾಣು ತೆಗೆಯುವ ದಿನ ಅರಿವಳಿಕೆ ಕೊಡುತ್ತಾರೆ, ಜೊತೆಗೆ ಒಬ್ಬರು ಇರಲೇಬೇಕು. ಮನೆಯಿಂದ ಯಾರೂ ಬರಲಿಲ್ಲ. ಆಫೀಸಿನ ಗೆಳೆಯ ರಜೆ ಹಾಕಿ ಬಂದ. ರೋಗಿಗೆ ಏನಾಗಬೇಕು ಅನ್ನುವ ಜಾಗದಲ್ಲಿ 'ಅಣ್ಣ' ಅಂತ ಬರೆದು ಸೈನ್ ಹಾಕಿದ.

ಈಗ ಆ ಅಂಡಾಣುಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿವೆ. ಖರ್ಚು ಲಕ್ಷ ದಾಟುತ್ತದೆ. 2021ರ ಸಂತಾನ ನೆರವಿನ ಕಾಯ್ದೆ ಮಾತಾಡುವುದು ದಂಪತಿ ಮತ್ತು ಮಹಿಳೆಯ ಬಗ್ಗೆ. ಅದೇ ವರ್ಷದ ಬಾಡಿಗೆ ತಾಯ್ತನದ ಕಾಯ್ದೆ ಮದುವೆಯಾದ ಗಂಡು ಹೆಣ್ಣು, ವಿಧವೆ, ವಿಚ್ಛೇದಿತೆಗೆ ನಿಂತಿತು. ಅಂಡಾಣು ಇಡಲು ಟ್ಯಾಂಕ್ ಸಿಕ್ಕಿತು, ಆ ಅಂಡಾಣು ಬಳಸಲು ನನಗೆ ಕಾನೂನಿನಲ್ಲಿ ಜಾಗ ಇಲ್ಲ. ಸಿಟ್ಟು ಬರುವುದಿದ್ದರೆ ಇದಕ್ಕೆ ಬರಲಿ.

ಟ್ರಾನ್ಸ್ ಮಹಿಳೆಯರಿಗೆ ವೀರ್ಯ ಫ್ರೀಜ್ ಮಾಡಿಸುವುದು ಇದಕ್ಕಿಂತ ಸುಲಭ. ಆದರೆ ಹಾರ್ಮೋನ್ ಮಾತ್ರೆ ಶುರುವಾಗುವ ಮೊದಲೇ ಮಾಡಿಸುವುದು ಒಳ್ಳೆಯದು. ನಿರ್ವಾಣ, ಅಂದರೆ ವೃಷಣ ತೆಗೆಯುವ ಆಪರೇಷನ್, ಆದಮೇಲೆ ದಾರಿ ಇಲ್ಲ. ಮಕ್ಕಳು ಬೇಡ ಅನ್ನುವವರೂ ಇದ್ದಾರೆ, ಅವರನ್ನು ಪೀಡಿಸಬೇಡಿ. ಆದರೆ ಹಾರ್ಮೋನಿಗೆ ಮೊದಲ ಚೀಟಿ ಬರೆಯುವ ಡಾಕ್ಟರ್ "ಮುಂದೆ ಮಕ್ಕಳು ಬೇಕಾ?" ಅಂತ ಒಂದು ಮಾತು ಕೇಳಲೇಬೇಕು. ಕೇಳದಿದ್ದರೆ ನೀವೇ ಕೇಳಿ. ಹೋಗೋಕೆ ಜೊತೆ ಯಾರೂ ಇಲ್ಲ ಅಂದ್ರೆ ನನಗೆ ಹೇಳಿ, ಬರ್ತೀನಿ. ಅಣ್ಣ ಅಂತ ಸೈನ್ ಹಾಕ್ತೀನಿ.