ಇಂಗ್ಲಿಷ್ ಪತ್ರದಲ್ಲಿ ‘ತಾವು’ ಎಲ್ಲಿದೆ?

ಪೀಣ್ಯದ ಕಾರ್ಖಾನೆಯೊಂದರಲ್ಲಿ ಹೊರದೇಶದ ಗಿರಾಕಿಗಳ ಪತ್ರವ್ಯವಹಾರವನ್ನು 22 ವರ್ಷ ನೋಡಿಕೊಂಡವಳು ನಾನು. ಹಾಗಾಗಿ ನಮ್ಮ ಮನೆಯಲ್ಲಿ ಯಾರು ಇಂಗ್ಲಿಷಿನಲ್ಲಿ ಅರ್ಜಿ ಬರೆದರೂ ಕರಡು ಮೊದಲು ನನ್ನ ಕೈಗೆ ಬರುತ್ತದೆ. ಕಳೆದ ವಾರ ಅಣ್ಣನ ಮಗಳು, ತನಗೆ ಸಂಶೋಧನೆಗೆ ಅವಕಾಶವಿದೆಯೇ ಎಂದು ಕೇಳಿ ಬ್ರಿಟನ್ನಿನ ಪ್ರಾಧ್ಯಾಪಕರೊಬ್ಬರಿಗೆ ಬರೆದ ಇಮೇಲನ್ನು ತಂದು ತೋರಿಸಿದಳು. ಅದರ ಮುಖ್ಯ ವಾಕ್ಯ ಹೀಗಿತ್ತು: ‘ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ರಿಕ್ವೆಸ್ಟ್ ಯು ಟು ಕೈಂಡ್ಲಿ ಡು ದ ನೀಡ್‌ಫುಲ್ ಅಂಡ್ ರಿವರ್ಟ್ ಬ್ಯಾಕ್ ಅಟ್ ದ ಅರ್ಲಿಯೆಸ್ಟ್.’

ಇಷ್ಟು ವಿನಯ ತುಂಬಿದ ವಾಕ್ಯವು ಅಲ್ಲಿನ ಓದುಗರಿಗೆ ಒರಟಾಗಿ ಕೇಳಿಸಬಹುದು ಎಂದಾಗ ಅವಳ ಮುಖ ಬಾಡಿತು. ‘ವಿತ್ ಡ್ಯೂ ರೆಸ್ಪೆಕ್ಟ್’ ಎಂಬುದನ್ನು ನಾವು ‘ಗೌರವಪೂರ್ವಕವಾಗಿ’ ಎಂಬ ಅರ್ಥದಲ್ಲಿ ಬರೆಯುತ್ತೇವೆ. ಅಲ್ಲಿನವರು ಅದನ್ನು ಎದುರಿನವರ ಮಾತನ್ನು ಒಪ್ಪದಿರುವಾಗ ಪೀಠಿಕೆಯಾಗಿ ಬಳಸುತ್ತಾರೆ. ‘ಡು ದ ನೀಡ್‌ಫುಲ್’ ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೂ ಚಲಾವಣೆಯಲ್ಲಿದ್ದ ಮಾತೇ. ಅಲ್ಲಿ ಸವೆದುಹೋಯಿತು, ನಮ್ಮ ಕಚೇರಿಗಳಲ್ಲಿ ಉಳಿಯಿತು. ಅದು ಹಳೆಯದೆಂಬುದು ನನ್ನ ತಕರಾರಲ್ಲ. ನಮ್ಮ ಸರಕಾರಿ ಪತ್ರಗಳ ‘ಸೂಕ್ತ ಕ್ರಮಕ್ಕಾಗಿ’ ಎಂಬಂತೆಯೇ, ಏನು ಮಾಡಬೇಕೆಂಬುದನ್ನು ಅದು ಹೇಳುವುದೇ ಇಲ್ಲ. ‘ರಿವರ್ಟ್’ ಎಂದರೆ ನಮಗೆ ಉತ್ತರಿಸುವುದು, ಅವರಿಗೆ ಮೊದಲಿದ್ದ ಸ್ಥಿತಿಗೆ ಮರಳುವುದು. ‘ಅಟ್ ದ ಅರ್ಲಿಯೆಸ್ಟ್’ ಇನ್ನೂ ತೊಡಕಿನದು: ‘ಮಂಡೇ ಅಟ್ ದ ಅರ್ಲಿಯೆಸ್ಟ್’ ಎಂದರೆ ಸೋಮವಾರಕ್ಕಿಂತ ಮೊದಲು ಆಗದು ಎಂದೇ ಅರ್ಥ.

ಆದರೆ ಇವೆಲ್ಲಕ್ಕಿಂತ ಆಳದ ಕಾರಣವೊಂದು ನಮ್ಮ ಭಾಷೆಯಲ್ಲೇ ಇದೆ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ತುದಿಯಲ್ಲಿ ಕುಳಿತಿರುತ್ತದೆ. ‘ತಿಳಿಸು’ ಎಂದರೆ ಒಂದು, ‘ತಿಳಿಸಿ’ ಎಂದರೆ ಇನ್ನೊಂದು, ಜೊತೆಗೆ ‘ತಾವು’ ಬಂದರೆ ಮಾತಿನ ತೂಕವೇ ಬೇರೆ. ಇಂಗ್ಲಿಷಿನಲ್ಲೂ ಹಿಂದೆ ಏಕವಚನಕ್ಕೆ ‘ದೌ’, ಬಹುವಚನಕ್ಕೂ ಗೌರವಕ್ಕೂ ‘ಯು’ ಇದ್ದವು. ‘ದೌ’ ಬಳಕೆ ತಪ್ಪಿದ ಮೇಲೆ ಮಗುವಿಗೂ ಮೇಲಧಿಕಾರಿಗೂ ಒಂದೇ ‘ಯು’, ಒಂದೇ ‘ಸೆಂಡ್’. ಆ ಬೋಳುತನ ನಮಗೆ ಸಹಿಸದು. ಅದನ್ನು ತುಂಬಲು ‘ಪ್ಲೀಸ್’, ‘ಕೈಂಡ್ಲಿ’ಗಳನ್ನು ಒಂದರ ಮೇಲೊಂದು ಪೇರಿಸುತ್ತೇವೆ. ಎಷ್ಟು ಪೇರಿಸಿದರೂ ಒಳಗಿನ ಕ್ರಿಯಾಪದ ಆಜ್ಞೆಯಾಗಿಯೇ ಉಳಿಯುತ್ತದೆ.

ಇಂಗ್ಲಿಷ್ ತನ್ನ ವಿನಯವನ್ನು ಇಟ್ಟಿರುವುದು ‘ಕುಡ್’, ‘ವುಡ್’ಗಳಲ್ಲಿ. ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಲೆಟ್ ಮಿ ನೋ’ ಎಂಬುದು ನಮ್ಮ ‘ತಿಳಿಸಿದರೆ ಉಪಕಾರವಾಗುತ್ತದೆ’ ಎಂಬುದೇ. ಗಮನಿಸಿ ನೋಡಿದರೆ ‘ತಿಳಿಸಿದರೆ’ ಎಂಬಲ್ಲಿ ಭೂತಕಾಲದ ‘ತಿಳಿಸಿದ’ ಅಡಗಿದೆ; ‘ಕುಡ್’, ‘ವುಡ್’ಗಳೂ ಹುಟ್ಟಿನಿಂದ ಭೂತಕಾಲದ ರೂಪಗಳೇ. ಕೇಳುವುದನ್ನು ಒಂದು ಹೆಜ್ಜೆ ಹಿಂದೆ ಸರಿದು ಕೇಳುವ ಈ ರೀತಿ ಎರಡೂ ಭಾಷೆಗಳಿಗೆ ಗೊತ್ತು. ಇದನ್ನು ಹೇಳಿಕೊಟ್ಟ ಮೇಲೆ ಹುಡುಗಿ ‘ಕೈಂಡ್ಲಿ’ಯನ್ನು ತಾನಾಗಿಯೇ ಹೊಡೆದುಹಾಕಿದಳು.

ಪದಗಳ ಗೊಂದಲಕ್ಕೂ ನಮ್ಮ ಕಿವಿ ಒಂದು ಕಾರಣ. ಸಲಹೆ ಎಂಬ ನಾಮಪದವಾದ ‘ಅಡ್ವೈಸ್’ ಇಂಗ್ಲಿಷಿನಲ್ಲಿ ಸಕಾರದಿಂದ ಮುಗಿದರೆ, ಸಲಹೆ ಕೊಡು ಎಂಬ ಕ್ರಿಯಾಪದ ‘ಝ್’ ಎನ್ನುವಂಥ ಗುಂಯ್‌ಗುಡುವ ಧ್ವನಿಯಿಂದ ಮುಗಿಯುತ್ತದೆ. ಆ ಧ್ವನಿ ಕನ್ನಡದ್ದಲ್ಲವಾದ್ದರಿಂದ ನಮ್ಮ ಬಾಯಲ್ಲಿ ಎರಡೂ ‘ಅಡ್ವೈಸ್’ ಆಗುತ್ತವೆ, ಬರೆಯುವಾಗ ಯಾವುದಕ್ಕೆ ‘ಸಿ’, ಯಾವುದಕ್ಕೆ ‘ಎಸ್’ ಎಂಬುದು ತಪ್ಪುತ್ತದೆ. ಕಳೆದುಕೊಳ್ಳು ಎಂಬ ‘ಲೂಸ್’ ಮತ್ತು ಸಡಿಲ ಎಂಬ ‘ಲೂಸ್’ ಬೆರೆಯುವುದೂ ಹೀಗೆಯೇ. ಕಳೆದುಕೊಳ್ಳುವುದರಲ್ಲಿ ಒಂದು ‘ಓ’ ಕಳೆದುಹೋಗಿದೆ ಎಂದು ನೆನಪಿಟ್ಟರೆ ಸಾಕು. ನಾಮಪದಕ್ಕೆ ‘ಸಿ’, ಕ್ರಿಯಾಪದಕ್ಕೆ ‘ಎಸ್’ ಎಂಬ ಸೂತ್ರವನ್ನು ಬ್ರಿಟಿಷ್ ಕಾಗುಣಿತದಲ್ಲಿ ‘ಪ್ರಾಕ್ಟೀಸ್’, ‘ಲೈಸೆನ್ಸ್’ಗಳಿಗೂ ಹಚ್ಚಬಹುದು.

ಇಂಗ್ಲಿಷರ ಕಿವಿಗೂ ಒಂದೇ ಆಗಿರುವ ಜೋಡಿಗಳಿಗೆ ಬೇರೆ ಉಪಾಯ ಬೇಕು. ಕೆಲಸಕ್ಕೆ ಸೇರಿದ ವರ್ಷ ನಾನು ಸಾಲದ ಕುರಿತ ಪತ್ರದಲ್ಲಿ ‘ಪ್ರಿನ್ಸಿಪಲ್ ಅಮೌಂಟ್’ ಎಂಬುದನ್ನು ‘ಎಲ್‌ಇ’ ಹಚ್ಚಿ ಮುಗಿಸಿದ್ದೆ. ನಮ್ಮ ಮೇಲ್ವಿಚಾರಕರು ಅದರ ಸುತ್ತ ಕೆಂಪು ಶಾಯಿಯ ಗೆರೆ ಎಳೆದು, ಅಂಚಿನಲ್ಲಿ ಕನ್ನಡದಲ್ಲಿ ‘ಇದು ತತ್ತ್ವ, ನಮಗೆ ಬೇಕಾದದ್ದು ಅಸಲು’ ಎಂದು ಬರೆದಿದ್ದರು. ‘ಎಎಲ್’ ಬಂದರೆ ಅಸಲು ಅಥವಾ ಮುಖ್ಯಸ್ಥ ಎಂಬುದನ್ನು ಆಮೇಲೆ ನಾನು ಮರೆತದ್ದಿಲ್ಲ. ‘ಸ್ಟೇಷನರಿ’ಯದು ಸ್ವಾರಸ್ಯದ ಕಥೆ. ಮಧ್ಯಯುಗದ ಯುರೋಪಿನಲ್ಲಿ ಊರೂರು ಅಲೆಯದೆ ಒಂದೇ ಕಡೆ ಅಂಗಡಿ ಇಟ್ಟ ಪುಸ್ತಕ ವ್ಯಾಪಾರಿಯನ್ನು ‘ಸ್ಟೇಷನರ್’ ಎನ್ನುತ್ತಿದ್ದರು. ಆದ್ದರಿಂದ ಕಾಗದ, ಪೆನ್ನುಗಳ ‘ಸ್ಟೇಷನರಿ’ಯಲ್ಲಿ ಅವನ ‘ಇ’ ಉಳಿದಿದೆ, ನಿಂತಲ್ಲೇ ನಿಂತ ವಸ್ತುವಿಗೆ ‘ಎ’ ಬರುತ್ತದೆ. ‘ಬೈ ಫ್ರೈಡೇ’, ‘ಅಂಟಿಲ್ ಫ್ರೈಡೇ’ಗಳ ಗೊಂದಲಕ್ಕಂತೂ ಪಾಠವೇ ಬೇಡ, ಮೊದಲನೆಯದು ಶುಕ್ರವಾರದೊಳಗೆ, ಎರಡನೆಯದು ಶುಕ್ರವಾರದವರೆಗೆ.

ಕೊನೆಗೆ ಉಳಿದದ್ದು ಸಂಬೋಧನೆ. ‘ರೆಸ್ಪೆಕ್ಟೆಡ್ ಸರ್’ ಬದಲು ‘ಡಿಯರ್ ಪ್ರೊಫೆಸರ್’ ಎಂದು ಬರೆದು ಅವರ ಕುಲನಾಮ ಸೇರಿಸು, ಹೆಸರು ಹಿಡಿದು ಬರೆದ ಪತ್ರವಾದ್ದರಿಂದ ಅಡಿಯಲ್ಲಿ ‘ಯುವರ್ಸ್ ಸಿನ್ಸಿಯರ್ಲಿ’ ಬರಲಿ, ‘ಡಿಯರ್ ಸರ್’ ಎಂದಷ್ಟೇ ಇದ್ದಿದ್ದರೆ ‘ಯುವರ್ಸ್ ಫೇತ್‌ಫುಲಿ’ ಬರೆಯಬೇಕಿತ್ತು ಎಂದೆ. ಉಳಿದೆಲ್ಲವನ್ನೂ ತಕ್ಷಣ ತಿದ್ದಿದವಳು ಇಲ್ಲಿ ಮಾತ್ರ ಕೈ ತಡೆದಳು. “ಗುರುಗಳನ್ನು ‘ಪ್ರಿಯ’ ಅಂತ ಕರೆಯೋದಾ, ಅತ್ತೆ?” ಎಂದಳು. ಅಲ್ಲಿ ಅದು ಪ್ರೀತಿಯ ಮಾತಲ್ಲ, ನಮ್ಮ ‘ಮಾನ್ಯರೇ’ಯ ಜಾಗದಲ್ಲಿ ಕುಳಿತ ಮಾತು ಎಂದು ವಿವರಿಸಿದ ಮೇಲೆ, ಇನ್ನೂ ಸ್ವಲ್ಪ ಅನುಮಾನಿಸುತ್ತಲೇ ‘ಡಿಯರ್’ ಎಂದು ಟೈಪ್ ಮಾಡಿದಳು.