ಐಸಿನ ಮೇಲೆ ಬಾಸ್ಕೆಟ್‌ಬಾಲ್: ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ನೆಲ

ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಒಳಾಂಗಣ ಕ್ರೀಡಾಂಗಣದಲ್ಲಿ ಚಳಿಗಾಲದಲ್ಲಿ ನಿಕ್ಸ್ ತಂಡ ಬಾಸ್ಕೆಟ್‌ಬಾಲ್ ಆಡುವಾಗ ಆಟಗಾರರ ಕಾಲಡಿ ಮರದ ನೆಲ, ಅದರಡಿ ಶಾಖ ತಡೆಯುವ ಹಲಗೆ, ಅದಕ್ಕೂ ಕೆಳಗೆ ರೇಂಜರ್ಸ್ ತಂಡದವರು ಐಸ್ ಹಾಕಿ ಆಡುವ ಐಸು. ಸೀಸನ್ ಮುಗಿಯುವ ತನಕ ಅದನ್ನು ಕರಗಿಸುವ ಗೋಜಿಗೆ ಹೋಗುವುದಿಲ್ಲ. ಕರಗಿಸಿ ಮತ್ತೆ ಕಟ್ಟುವುದಕ್ಕೆ ದಿನಗಳು ಬೇಕು, ಮುಚ್ಚಿ ತೆಗೆಯುವುದಕ್ಕೆ ಕೆಲವು ಗಂಟೆ ಸಾಕು.

ಒಂದೇ ಸಲ ನೀರು ಸುರಿದರೆ ಆಡುವಂಥ ಐಸು ಆಗದು. ಇಂಥ ಅಂಕಣಗಳಲ್ಲಿ ಕಾಂಕ್ರೀಟಿನೊಳಗೆ ಹೂತ ಪೈಪುಗಳಲ್ಲಿ ಕೊರೆಯುವ ದ್ರವ ಹರಿಯುತ್ತಿರುತ್ತದೆ. ಮೇಲೆ ತೆಳ್ಳಗೆ ನೀರು ಸಿಂಪಡಿಸಿ, ಅದು ಹೆಪ್ಪುಗಟ್ಟಿದ ಮೇಲೆ ಬಿಳಿ ಬಣ್ಣ, ಗೆರೆ, ಲಾಂಛನ, ಮತ್ತೆ ಪದರದ ಮೇಲೆ ಪದರ. ಒಟ್ಟು ದಪ್ಪ 1ರಿಂದ 1.25 ಇಂಚು. ಅದಕ್ಕಿಂತ ದಪ್ಪವಾದರೆ ಪೈಪಿನ ತಂಪು ಮೇಲಿನ ತನಕ ಬರದೆ ಐಸು ಮೆತ್ತಗಾಗುತ್ತದೆ.

ಹಾಕಿ ಪಂದ್ಯ ಮುಗಿದ ರಾತ್ರಿ ಮೊದಲು ಸುತ್ತಲ ಗಾಜು ಬಿಚ್ಚುತ್ತಾರೆ, ಆಮೇಲೆ ಹಲಗೆ ಹಾಸುತ್ತಾರೆ, ಕೊನೆಗೆ ಮರದ ನೆಲ. ಇದು ಸುಮಾರು 4x8 ಅಡಿಯ ತುಂಡುಗಳಲ್ಲಿ ಬರುತ್ತದೆ. ಪ್ರತಿಯೊಂದಕ್ಕೂ ಅದರದೇ ಜಾಗ ಇರುತ್ತದೆ. ಅದಲು ಬದಲಾದರೆ ಗೆರೆ ಕೂಡುವುದಿಲ್ಲ. ಮೊದಲ ಸಾಲು ಅರ್ಧ ಇಂಚು ಸೊಟ್ಟಗಾದರೂ ಆ ತುದಿ ಮುಟ್ಟುವಷ್ಟರಲ್ಲಿ ಎದ್ದು ಕಾಣುತ್ತದೆ. ತುಂಡುಗಳ ನಡುವೆ ಸಂದು ಉಳಿದರೆ ಅಲ್ಲಿ ಚೆಂಡು ಸತ್ತಂತೆ ಪುಟಿಯುತ್ತದೆ.

ನಿಜವಾದ ತಲೆನೋವು ಮಾತ್ರ ಗಾಳಿ. ಮಳೆ ಬಂದು ಸೆಖೆ ಹಿಡಿದ ದಿನ ಸಾಮಾನು ಇಳಿಸಲು ದೊಡ್ಡ ಬಾಗಿಲುಗಳನ್ನು ತೆರೆದಿಟ್ಟರೆ, ತೇವದ ಗಾಳಿ ಒಳಗೆ ನುಗ್ಗಿ ತಣ್ಣನೆಯ ಮರದ ಮೇಲೆ ಬೆವರಾಗಿ ಕೂರುತ್ತದೆ. ತಣ್ಣೀರಿನ ಲೋಟದ ಹೊರಗೆ ಹನಿ ಮೂಡುವ ಹಾಗೆಯೇ. ಒರೆಸಿದಷ್ಟೂ ಮತ್ತೆ ಮೂಡುತ್ತದೆ, ಆಟಗಾರ ಜಾರುತ್ತಾನೆ. ಬಾಗಿಲು ಮುಚ್ಚಿ ತೇವ ಹೀರುವ ಯಂತ್ರ ಓಡಿಸುವುದೊಂದೇ ದಾರಿ. ಬಟ್ಟೆ ಹಿಡಿದು ಓಡಾಡುವುದು ಪ್ರೇಕ್ಷಕರ ಸಮಾಧಾನಕ್ಕೆ.

ಇಲ್ಲಿ ಬಾಸ್ಕೆಟ್‌ಬಾಲಿಗೆ 19,812 ಸೀಟು, ಹಾಕಿಗೆ 18,006. ಬಾಸ್ಕೆಟ್‌ಬಾಲ್ ಅಂಕಣ 94x50 ಅಡಿ, ಐಸಿನ ಅಂಕಣ 200x85. ಹಾಕಿಗೆ ಆ ಹೆಚ್ಚಿನ ಜಾಗ ಬಿಡಲು ಕೆಳಗಿನ ಸಾಲುಗಳು ಹಿಂದೆ ಸರಿಯಬೇಕು.

ಸಂಗೀತ ಕಛೇರಿಗೆ ಇನ್ನೊಂದು ಪೇಚು. 1968ರಲ್ಲಿ ತೆರೆದ ಈ ಕಟ್ಟಡ ಪೆನ್ ಸ್ಟೇಷನ್ ರೈಲು ನಿಲ್ದಾಣದ ನೆತ್ತಿಯ ಮೇಲಿದೆ, ಆದ್ದರಿಂದ ಅಂಕಣವಿರುವುದು ಐದನೇ ಮಹಡಿಯ ಎತ್ತರದಲ್ಲಿ. ವೇದಿಕೆ, ಸ್ಪೀಕರು, ದೀಪ ಎಲ್ಲವೂ ಬೀದಿಯಿಂದ ಅಷ್ಟು ಎತ್ತರ ಏರಬೇಕು. ಚಾವಣಿಗೆ ನಡುವೆ ಕಂಬವಿಲ್ಲ, ಉಕ್ಕಿನ ಹಗ್ಗಗಳ ಮೇಲೆ ನಿಂತಿದೆ. ಹಾಗಾಗಿ ಎಲ್ಲಿ ಎಷ್ಟು ಭಾರ ತೂಗಬೇಕೆಂಬುದು ಲಾರಿ ಬರುವ ಮೊದಲೇ ಕಾಗದದ ಮೇಲೆ ತೀರ್ಮಾನವಾಗಿರಬೇಕು.

ಟಿಕೆಟ್ ತೆಗೆದುಕೊಳ್ಳುವವರಿಗೆ: ಹಾಕಿ ಸೀಸನ್ನಿನಲ್ಲಿ ಕಛೇರಿಗೆ ನೆಲದ ಮೇಲಿನ ಕುರ್ಚಿ ಸಿಕ್ಕರೆ ದಪ್ಪ ಕಾಲುಚೀಲ ಹಾಕಿಕೊಳ್ಳಿ. 200ರ ವಿಭಾಗದ, ಅಂದರೆ ಮೇಲಿನ ಹಂತದ, ಹಿಂದಿನ ಸಾಲುಗಳಲ್ಲಿ ತಲೆಯ ಮೇಲೆ ಹಾದುಹೋಗುವ ಸೀಟುಗಳ ಸೇತುವೆ ಅಡ್ಡ ಬಂದು ನಡುವಿನ ಸ್ಕೋರ್‌ಬೋರ್ಡ್ ಕಾಣದು; ಪಕ್ಕದ ಚಿಕ್ಕ ಪರದೆಗಳನ್ನೇ ನೋಡಬೇಕು.