ಕೋಶಿಯೆನ್‌ನ ಹುಲಿಗಳು

ಜಪಾನಿನ ಬೇಸ್‌ಬಾಲ್‌ನಲ್ಲಿ ನನ್ನ ಮನಸ್ಸು ನೆಟ್ಟಿರುವುದು ಹನ್‌ಶಿನ್ ಟೈಗರ್ಸ್ ಮೇಲೆ. 1985ರಲ್ಲಿ ಅವರು ಲೀಗ್ ಗೆದ್ದ ರಾತ್ರಿ ಒಸಾಕಾದ ದೋತೊಂಬೊರಿ ಕಾಲುವೆಯ ಎಬಿಸು ಸೇತುವೆಯಲ್ಲಿ ಜನ ಒಬ್ಬೊಬ್ಬ ಆಟಗಾರನ ಹೆಸರು ಕೂಗಿದರಂತೆ. ಆ ಆಟಗಾರನನ್ನು ಹೋಲುವ ಅಭಿಮಾನಿ ನೀರಿಗೆ ಹಾರಬೇಕು. ಗಡ್ಡದ ಅಮೆರಿಕನ್ ರ್‍ಯಾಂಡಿ ಬಾಸ್‌ನ ಸರದಿ ಬಂದಾಗ ಅವನಂಥವರು ಯಾರೂ ಸಿಗಲಿಲ್ಲ. ಹತ್ತಿರದ ಕೆಎಫ್‌ಸಿ ಅಂಗಡಿಯ ಮುಂದಿದ್ದ, ಕಂಪನಿಯ ಗಡ್ಡದ ಸ್ಥಾಪಕ ಕರ್ನಲ್ ಸ್ಯಾಂಡರ್ಸ್ ಪ್ರತಿಮೆಯನ್ನೇ ಎತ್ತಿ ಎಸೆದರು! ಆ ವರ್ಷ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಜಪಾನ್ ಸೀರೀಸ್ ಕೂಡ ಅವರದೇ, ಮೊಟ್ಟಮೊದಲ ಬಾರಿಗೆ. ಆಮೇಲೆ ವರ್ಷಗಟ್ಟಲೆ ಸೋಲು. ಕರ್ನಲ್‌ನ ಶಾಪ ಎಂದರು ಜನ. 2009ರಲ್ಲಿ ಪ್ರತಿಮೆ ಕೆಸರಿನಿಂದ ಮೇಲೆ ಬಂತು, ಮುಂದಿನ ಸೀರೀಸ್ ಗೆಲುವು ಬಂದದ್ದು ಮಾತ್ರ 2023ರಲ್ಲಿ.

ಶಾಪದ ಕಥೆ ಎಲ್ಲರಿಗೂ ಇಷ್ಟ. ನನಗೆ ಅದಕ್ಕಿಂತ ಹಿಡಿಸುವುದು ಅವರ ಮೈದಾನ, 1924ರ ಕೋಶಿಯೆನ್. ಹೊರಗೋಡೆಗೆ ಹಬ್ಬಿದ ಬಳ್ಳಿ, ಒಳಗೆ ಕಪ್ಪು ಮಣ್ಣು. ಪ್ರತಿ ಆಗಸ್ಟ್‌ನಲ್ಲಿ ಹೈಸ್ಕೂಲ್ ಹುಡುಗರ ರಾಷ್ಟ್ರೀಯ ಟೂರ್ನಿ ಅಲ್ಲೇ. ಅಷ್ಟು ದಿನ ವೃತ್ತಿಪರ ತಂಡ ಸ್ವಂತ ಮನೆ ಬಿಟ್ಟು ಹೊರಗೆ ಆಡುತ್ತದೆ. ಸೋತ ಹುಡುಗರು ಅಳುತ್ತ ಆ ಮಣ್ಣನ್ನು ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಮಕ್ಕಳಿಗಾಗಿ ಅಂಗಳ ಬಿಟ್ಟುಕೊಡುವ ತಂಡ ಎಂದೇ ನನಗೆ ಇವರ ಮೇಲೆ ಇಷ್ಟು ಪ್ರೀತಿ.